ಗೋಡೆ ಹತ್ತದ ಪೋಸ್ಟರ್ ಊರೆಲ್ಲ ಸುತ್ತಿದ್ದು: ಒಂದು ಪ್ರಕರಣ ಅಧ್ಯಯನ

ಕೆಂಪು ಹಿನ್ನೆಲೆ. ಮೇಲ್ಗಡೆ ಒಂದು ಕಿರೀಟ. ಅದರ ಕೆಳಗೆ ಬಿಳಿ ಅಕ್ಷರದಲ್ಲಿ ಐದು ಪದ, ಸಾಲಿಗೊಂದರಂತೆ: ಕೀಪ್, ಕಾಮ್, ಆ್ಯಂಡ್, ಕ್ಯಾರಿ, ಆನ್. ಗಾಬರಿ ಬೀಳಬೇಡಿ, ನಿಮ್ಮ ಪಾಡಿಗೆ ನಿಮ್ಮ ಕೆಲಸ ಮಾಡಿಕೊಂಡು ಹೋಗಿ ಅನ್ನುವ ಮಾತು. ಚಿತ್ರ ಇಲ್ಲ, ತಾರೀಖು ಇಲ್ಲ, ಯಾವ ಇಲಾಖೆಯ ಹೆಸರೂ ಇಲ್ಲ. ಮಗ್, ಟಿ-ಶರ್ಟ್, ಮೊಬೈಲ್ ಕವರ್, ಕೀ ಚೈನ್, ಗ್ರೀಟಿಂಗ್ ಕಾರ್ಡ್, ಎಲ್ಲದರ ಮೇಲೂ ಇದನ್ನು ನೋಡಿರುತ್ತೀರಿ. ನೋಡಿ ನೋಡಿ ಬೇಜಾರೂ ಆಗಿರಬಹುದು.

ಪೋಸ್ಟರ್ ಜೊತೆ ಸಾಮಾನ್ಯವಾಗಿ ಒಂದು ಕಥೆಯೂ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಲಂಡನ್ ಮೇಲೆ ಬಾಂಬ್ ಸುರಿಸುತ್ತಿದ್ದಾಗ ಇದು ಗೋಡೆ ಗೋಡೆಯ ಮೇಲೂ ಇತ್ತಂತೆ, ಇದನ್ನು ನೋಡಿ ಜನ ಧೈರ್ಯ ತಂದುಕೊಂಡರಂತೆ. ಕಥೆ ಚೆನ್ನಾಗಿದೆ. ಆದರೆ ಹಾಗೆ ನಡೆದೇ ಇಲ್ಲ. ಲಂಡನ್ ಮೇಲೆ ಆ ದಾಳಿ ಶುರುವಾಗಿದ್ದು 1940ರ ಸೆಪ್ಟೆಂಬರ್ 7ರಂದು. ಅಷ್ಟು ಹೊತ್ತಿಗೆ ಈ ಪೋಸ್ಟರಿನ ದಾಸ್ತಾನು ರದ್ದಿಗೆ ಹೋಗಿ ತಿಂಗಳುಗಳೇ ಕಳೆದಿದ್ದವು.

ಒಂದು ಒಳ್ಳೆ ಡಿಸೈನ್, ಜಾಣ ಜಾಹೀರಾತು, ಹಳೇ ಪೋಸ್ಟರ್ ಕಣ್ಣಿಗೆ ಬಿದ್ದ ಕೂಡಲೇ ನಾಲ್ಕು ಜನಕ್ಕೆ ತೋರಿಸಬೇಕು ಅಂತ ಕೈ ತುರಿಸುವವರು ಇದ್ದಾರೆ. ನಾನೂ ಆ ಪೈಕಿ. ನಮ್ಮಂಥವರು ಕೂತು ಓದಬೇಕಾದ ಪ್ರಕರಣ ಇದು. ಹಂಚುವ ಸರಕು ಕೈಯಿಂದ ಕೈಗೆ ಹೋಗುವಾಗ ಅದರಲ್ಲಿ ಏನು ಉಳಿಯುತ್ತದೆ, ಏನು ಉದುರುತ್ತದೆ, ಇಲ್ಲದ್ದು ಯಾವಾಗ ಬಂದು ಅಂಟಿಕೊಳ್ಳುತ್ತದೆ ಅನ್ನುವುದು ಇದರಲ್ಲಿ ಹಂತ ಹಂತವಾಗಿ ಕಾಣುತ್ತದೆ. ನನ್ನ ವಾದ ಇಷ್ಟು: ಈ ಪೋಸ್ಟರ್ ಗೆದ್ದದ್ದು ಮೊದಲು ಸೋತಿದ್ದರಿಂದಲೇ. ಅದನ್ನು ಹಂಚಿದವರು ಆ ಸೋಲನ್ನೇ ಕಥೆಯಿಂದ ತೆಗೆದುಹಾಕಿದರು.

ಅಚ್ಚಾಯಿತು, ಗೋದಾಮು ಸೇರಿತು

1939ರ ಹೊತ್ತಿಗೆ ಯುದ್ಧ ಬರುವುದು ಬಹುತೇಕ ಖಾತ್ರಿ ಅಂತ ಬ್ರಿಟಿಷ್ ಸರ್ಕಾರಕ್ಕೆ ಅನ್ನಿಸಿತ್ತು. ಬಂದರೆ ಮೊದಲ ದಿನಗಳಲ್ಲೇ ನಗರಗಳ ಮೇಲೆ ಭಾರಿ ಬಾಂಬ್ ಬೀಳುತ್ತದೆ, ಜನ ದಿಕ್ಕೆಡುತ್ತಾರೆ ಅನ್ನುವುದು ಅವರ ಲೆಕ್ಕ. ಯುದ್ಧ ಶುರುವಾದ ಕೂಡಲೇ ಜನರ ಜೊತೆ ಮಾತಾಡಲು ಮಾಹಿತಿ ಸಚಿವಾಲಯ ಅಂತ ಒಂದು ಇಲಾಖೆಯನ್ನು ಒಳಗೊಳಗೇ ಸಿದ್ಧ ಮಾಡುತ್ತಿದ್ದರು. ಅದರ ಮೊದಲ ಕೆಲಸಗಳಲ್ಲಿ ಮೂರು ಪೋಸ್ಟರ್‌ಗಳೂ ಸೇರಿದ್ದವು.

ಒಂದು, ಸ್ವಾತಂತ್ರ್ಯ ಅಪಾಯದಲ್ಲಿದೆ, ನಿಮ್ಮ ಶಕ್ತಿಯೆಲ್ಲ ಹಾಕಿ ಅದನ್ನು ಕಾಪಾಡಿ ಅನ್ನುವುದು. ಇನ್ನೊಂದು, ನಿಮ್ಮ ಧೈರ್ಯ, ನಿಮ್ಮ ಲವಲವಿಕೆ, ನಿಮ್ಮ ಛಲ ನಮಗೆ ಜಯ ತಂದುಕೊಡುತ್ತದೆ ಅನ್ನುವುದು. ಮೂರನೆಯದು ನಮ್ಮ ಕೀಪ್ ಕಾಮ್. ಮೂರಕ್ಕೂ ಒಂದೇ ಅಚ್ಚು: ಒಂದೇ ಬಣ್ಣದ ಹಿನ್ನೆಲೆ, ಮೇಲೆ ರಾಜನ ಕಿರೀಟ, ಕೆಳಗೆ ಒಂದೇ ಥರದ ಅಕ್ಷರ. ಮಾತು ನೇರ ರಾಜನಿಂದ ಪ್ರಜೆಗೆ ಬಂದಂತೆ ಕಾಣಬೇಕಿತ್ತು. ಅಕ್ಷರ ನೋಡಲು ಗಿಲ್ ಸ್ಯಾನ್ಸ್ ಫಾಂಟ್ ಅಥವಾ ಲಂಡನ್ ಸುರಂಗ ರೈಲಿನ ಜಾನ್‌ಸ್ಟನ್ ಫಾಂಟ್ ಥರ ಇದೆ, ಆದರೆ ಎರಡೂ ಅಲ್ಲ. ಕೈಯಲ್ಲೇ ಬರೆದ ಅಕ್ಷರ. ಶತ್ರುಗಳು ಸುಲಭವಾಗಿ ನಕಲು ಮಾಡಲಾಗದಂಥ ಅಕ್ಷರ ಇರಬೇಕು ಅಂತ ಇಲಾಖೆಗೆ ಆಸೆ ಇತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ನಗು ಬರುತ್ತದೆ.

ಅಚ್ಚು ಹಾಕಿದ್ದು 1939ರ ಆಗಸ್ಟ್ 23ರಿಂದ ಸೆಪ್ಟೆಂಬರ್ 3ರ ನಡುವೆ. ಸೆಪ್ಟೆಂಬರ್ 3ಕ್ಕೆ ಬ್ರಿಟನ್ ಯುದ್ಧ ಘೋಷಿಸಿತು. ಕೀಪ್ ಕಾಮ್ ಒಂದೇ ಸುಮಾರು 24.5 ಲಕ್ಷ ಪ್ರತಿ. ಉಳಿದೆರಡನ್ನು ಊರಿನಲ್ಲಿ ಅಂಟಿಸಿದರು. ಇದನ್ನು ಮಾತ್ರ ಎತ್ತಿಟ್ಟರು. ದೊಡ್ಡ ಬಾಂಬ್ ದಾಳಿ ಆಗಲಿ, ಆಮೇಲೆ ಹಾಕೋಣ ಅಂತ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಾಗಿತ್ತು, ಕೂಸು ಮಾತ್ರ ಆ ವರ್ಷ ಬರಲಿಲ್ಲ. ಯುದ್ಧ ಘೋಷಣೆಯಾದ ಮೇಲೆ ತಿಂಗಳುಗಟ್ಟಲೆ ಬ್ರಿಟನ್ ನಗರಗಳ ಮೇಲೆ ನಿರೀಕ್ಷಿಸಿದ ದಾಳಿ ಆಗಲೇ ಇಲ್ಲ.

ಈ ಮಧ್ಯೆ ಗೋಡೆಗೆ ಹತ್ತಿದ ಪೋಸ್ಟರ್‌ಗಳ ಮರ್ಯಾದೆ ಹೋಯಿತು. ಎಷ್ಟೋ ಜನ ಅವನ್ನು ನೋಡಿಯೇ ಇಲ್ಲ ಅಂದರು. ನೋಡಿದವರಿಗೆ ಸಿಟ್ಟು ಬಂತು. ಧೈರ್ಯ, ಛಲ ಎಲ್ಲ ನಿಮ್ಮದು, ಜಯ ಮಾತ್ರ ನಮ್ಮದು ಅಂತ ಮೇಲಿನವರು ಹೇಳಿದ ಹಾಗೆ ಅದು ಕೇಳಿಸಿತು. ಜನರನ್ನು ಚಿಕ್ಕ ಮಕ್ಕಳ ಹಾಗೆ ನೋಡುತ್ತಾರೆ ಅನ್ನುವ ದೂರು, ದುಡ್ಡು ದಂಡ ಅನ್ನುವ ದೂರು, ಎರಡೂ ಸೇರಿ ಅಕ್ಟೋಬರ್‌ಗೆ ಇಡೀ ಪ್ರಚಾರ ನಿಂತಿತು. ಗೋದಾಮಿನಲ್ಲಿದ್ದ ಕೀಪ್ ಕಾಮ್ ಪ್ರತಿಗಳು 1940ರ ಏಪ್ರಿಲ್‌ವರೆಗೆ ಸುಮ್ನೆ ಕೂತಿದ್ದವು. ಆಮೇಲೆ ಕಾಗದದ ಅಭಾವ ಅಂತ ದಾಸ್ತಾನನ್ನು ಅರೆದು ಮತ್ತೆ ಕಾಗದ ಮಾಡಿದರು. ಅಲ್ಲೊಂದು ಇಲ್ಲೊಂದು ಪ್ರತಿ ಯಾವುದೋ ಅಂಗಡಿಯಲ್ಲಿ ನೇತಾಡಿದ್ದು ಉಂಟು, ಆದರೆ ಅದು ಸರ್ಕಾರ ಹಾಕಿದ್ದಲ್ಲ.

ಜಾಹೀರಾತಿನವರ ಭಾಷೆಯಲ್ಲಿ ಹೇಳಿದರೆ ಪೂರ್ತಿ ಫ್ಲಾಪ್.

ಗಲ್ಲಾ ಪಕ್ಕದ ಗೋಡೆ

ಮುಂದಿನ 60 ವರ್ಷ ಹೇಳುವಂಥದ್ದು ಏನೂ ಇಲ್ಲ. 2000ರಲ್ಲಿ ಉತ್ತರ ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡ್ ಕೌಂಟಿಯ ಆನಿಕ್ ಊರಿನ ಬಾರ್ಟರ್ ಬುಕ್ಸ್ ಅನ್ನುವ ಹಳೇ ಪುಸ್ತಕದಂಗಡಿಯಲ್ಲಿ ಇದು ಮತ್ತೆ ಎದ್ದು ಬಂತು. ಹಿಂದೆ ರೈಲ್ವೆ ಸ್ಟೇಷನ್ ಆಗಿದ್ದ ಕಟ್ಟಡದಲ್ಲಿ ಆ ಅಂಗಡಿ ಇದೆ. ಆಗ ನಡೆಸುತ್ತಿದ್ದವರು ಸ್ಟುವರ್ಟ್ ಮ್ಯಾನ್ಲಿ ಮತ್ತು ಅವರ ಹೆಂಡತಿ ಮೇರಿ. ಹರಾಜಿನಲ್ಲಿ ಕೊಂಡ ಪುಸ್ತಕದ ಪೆಟ್ಟಿಗೆ ಬಿಚ್ಚುವಾಗ ಸ್ಟುವರ್ಟ್ ಕೈಗೆ ಮಡಚಿಟ್ಟಿದ್ದ ಒಂದು ಕಾಗದ ಸಿಕ್ಕಿತು. ಬಿಡಿಸಿದರೆ ಈ ಪೋಸ್ಟರ್. ಮೇರಿಗೆ ಇಷ್ಟವಾಯಿತು. ಕಟ್ಟು ಹಾಕಿಸಿ ಗಲ್ಲಾ ಪಕ್ಕ ನೇತು ಹಾಕಿದರು.

ಗಲ್ಲಾ ಪಕ್ಕ ಅನ್ನುವುದು ಸಣ್ಣ ವಿಷಯ ಅಲ್ಲ. ಪುಸ್ತಕದಂಗಡಿಯಲ್ಲಿ ಎಲ್ಲರೂ ಒಂದು ನಿಮಿಷ ಸುಮ್ನೆ ನಿಲ್ಲುವ ಜಾಗ ಅದೊಂದೇ. ದುಡ್ಡು ಕೊಡುವವರು ಅದನ್ನು ಓದಿದರು, ಇದು ಮಾರಾಟಕ್ಕಿದೆಯಾ ಅಂತ ಕೇಳಿದರು. ಕೇಳುವವರು ಜಾಸ್ತಿಯಾದ ಮೇಲೆ ದಂಪತಿ 2001ರಿಂದ ಅದರ ಪ್ರತಿ ಮಾಡಿಸಿ ಮಾರತೊಡಗಿದರು. ಇದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬ್ರಿಟಿಷ್ ಸರ್ಕಾರದ ಇಂಥ ಕಲಾಕೃತಿಗಳ ಮೇಲಿನ ಹಕ್ಕುಸ್ವಾಮ್ಯ 50 ವರ್ಷದ್ದು, ಅದು ಆಗಲೇ ಮುಗಿದಿತ್ತು.

ಆಮೇಲಿನ ನಾಲ್ಕೈದು ವರ್ಷ ಇದು ಅಂಗಡಿಯ ಸರಕೇ ಆಗಿತ್ತು. 2005ರಲ್ಲಿ ದಿ ಗಾರ್ಡಿಯನ್ ಪತ್ರಿಕೆಯ ಒಬ್ಬ ಲೇಖಕಿ ಕ್ರಿಸ್‌ಮಸ್‌ಗೆ ಕೊಡಬಹುದಾದ ಉಡುಗೊರೆಗಳ ಜೊತೆ ಈ ಪೋಸ್ಟರಿನ ಮರುಮುದ್ರಣವನ್ನೂ ಸೂಚಿಸಿದರು. ಆರ್ಡರ್‌ಗಳು ಬಂದು ಬಿದ್ದವು. ಇಂಟರ್‌ನೆಟ್ಟಿನಲ್ಲಿ ಹುಟ್ಟಿದ್ದು ಅಂತ ನಾವು ಅಂದುಕೊಳ್ಳುವ ಎಷ್ಟೋ ಮೀಮ್‌ಗಳ ಹಿಂದೆ ಹೀಗೆ ಯಾವುದೋ ಮುದ್ರಿತ ಪತ್ರಿಕೆಯ ಚಿಕ್ಕ ಕಾಲಂ ಇರುತ್ತದೆ, ಯಾರೂ ಅದಕ್ಕೆ ಶ್ರೇಯ ಕೊಡುವುದಿಲ್ಲ. ನಿಜಕ್ಕೂ ಬೆಂಕಿ ಹೊತ್ತಿದ್ದು 2008ರ ಆರ್ಥಿಕ ಕುಸಿತದ ಕಾಲದಲ್ಲಿ. ಬ್ಯಾಂಕುಗಳು ಬೀಳುತ್ತಿದ್ದವು, ಕೆಲಸ ಹೋಗುತ್ತಿತ್ತು. ಆಗ ಗಾಬರಿಯಾಗಬೇಡಿ ಅನ್ನುವ ಸರ್ಕಾರಿ ದನಿಯನ್ನು ಕೆಲವರು ಧೈರ್ಯಕ್ಕೆ ಓದಿದರು, ಕೆಲವರು ವ್ಯಂಗ್ಯಕ್ಕೆ ಓದಿದರು. ಎರಡಕ್ಕೂ ಅದೇ ಪೋಸ್ಟರ್ ಸಾಕಾಯಿತು.

ಮೂರರಲ್ಲಿ ಇದೊಂದೇ ಯಾಕೆ?

ಒಂದೇ ವರ್ಷ, ಒಂದೇ ಇಲಾಖೆ, ಅದೇ ಕಿರೀಟ, ಅದೇ ಅಕ್ಷರ. ಮೂರು ಪೋಸ್ಟರ್‌ಗಳಲ್ಲಿ ಬೇರೆ ಇದ್ದದ್ದು ಮುಖ್ಯವಾಗಿ ಮಾತು. ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಇದೊಂದೇ ಅನ್ನುವುದು ನಿಜ. ಹಾಗಾಗಿ ಅದಕ್ಕೆ ಮೊದಲ ಅವಕಾಶ ಸಿಕ್ಕಿತು ಅಂತ ವಾದಿಸಬಹುದು. ಆದರೆ ಆಮೇಲೆ ಉಳಿದೆರಡನ್ನೂ ಮರುಮುದ್ರಣ ಮಾಡಿ ಮಾರಿದ್ದಾರೆ. ಮಗ್ ಮೇಲೆ ಸ್ವಾತಂತ್ರ್ಯ ಅಪಾಯದಲ್ಲಿದೆ ಅಂತ ಬರೆಸಿಕೊಂಡವರನ್ನು ಎಷ್ಟು ಜನ ನೋಡಿದ್ದೀರಿ? ಡಿಸೈನ್ ಕಾರಣ ಅಂತ ಮಾತ್ರ ಹೇಳಲು ಆಗುವುದಿಲ್ಲ ಅನ್ನುವುದಕ್ಕೆ ಇಷ್ಟು ಸಾಕ್ಷಿ ಸಾಕು.

ಮಾತನ್ನು ಹತ್ತಿರದಿಂದ ನೋಡೋಣ. ನಿಮ್ಮ ಧೈರ್ಯ ಅನ್ನುವ ಪೋಸ್ಟರಿನಲ್ಲಿ ಇಂಗ್ಲಿಷಿನ ಹತ್ತು ಪದ ಇವೆ, ಅದರಲ್ಲಿ ಜಯ ಅನ್ನುವುದೂ ಒಂದು. ಜಯ ಅಂದ ಕೂಡಲೇ ಎದುರಾಳಿ ಬೇಕು, ಯುದ್ಧ ಬೇಕು. ಸ್ವಾತಂತ್ರ್ಯದ ಪೋಸ್ಟರಿಗೂ ಅದೇ ಕಷ್ಟ. ಕೀಪ್ ಕಾಮ್‌ನಲ್ಲಿ ಯುದ್ಧದ ಸುಳಿವೇ ಇಲ್ಲ. ಪರೀಕ್ಷೆಗೆ ಹೊಂದುತ್ತದೆ, ಆಫೀಸಿಗೆ ಹೊಂದುತ್ತದೆ, ಮಗು ಅಳುತ್ತಿರುವ ಮನೆಗೂ ಹೊಂದುತ್ತದೆ. ಹಾಗೆಯೇ ಅದರ ಕಟ್ಟು ನೋಡಿ. ಮೊದಲ ಅರ್ಧ ಗಟ್ಟಿಯಾಗಿ ನಿಂತಿದೆ. ನಡುವೆ ಸಣ್ಣ ಅಕ್ಷರದಲ್ಲಿ ಆ್ಯಂಡ್ ಇದೆ. ಅದಾದ ಮೇಲಿನದನ್ನು ಕಿತ್ತು ಬೇರೆ ಏನು ಹಾಕಿದರೂ ವಾಕ್ಯ ಬೀಳುವುದಿಲ್ಲ. ಆ ಸಣ್ಣ ಆ್ಯಂಡ್ ಕಣ್ಣಿಗೂ ಅದನ್ನೇ ಹೇಳುತ್ತದೆ: ಇಲ್ಲಿಂದ ಕೆಳಗೆ ಬದಲಾಯಿಸಬಹುದು.

ಗಾತ್ರದ ಮಾತೂ ಇದೆ. ಗೋಡೆಗೆ ಅಂತ ಮಾಡಿದ ಪೋಸ್ಟರನ್ನು ಫೋನಿನ ಪರದೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ. ಹೆಚ್ಚಿನವು ಕಲೆಯ ಹಾಗೆ ಕಾಣುತ್ತವೆ. ಇದು ಆಗಲೂ ಓದಲು ಬರುತ್ತದೆ. ಎರಡೇ ಬಣ್ಣ, ನಡುವಿಗೆ ಜೋಡಿಸಿದ ಚಿಕ್ಕ ಚಿಕ್ಕ ಪದ, ಸುತ್ತ ಬೇಕಾದಷ್ಟು ಖಾಲಿ ಜಾಗ. ರಸ್ತೆಯಾಚೆ ನಿಂತವನಿಗೆ ಕಾಣಲಿ ಅಂತ 1939ರಲ್ಲಿ ಮಾಡಿದ್ದು ಅಂಗೈಯ ಪರದೆಗೂ ಸರಿಯಾಗಿ ಕೂತಿತು.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಕಾರಣ ಬೇರೆ. ಈ ಪೋಸ್ಟರಿಗೆ ನೆನಪುಗಳೇ ಇರಲಿಲ್ಲ. ಗೋಡೆ ಹತ್ತಿದ್ದರೆ ಇದಕ್ಕೂ ಅದರ ಅಣ್ಣಂದಿರ ಗತಿಯೇ ಆಗುತ್ತಿತ್ತು: ಜನ ಬೈಯುತ್ತಿದ್ದರು, ಪತ್ರಿಕೆಗಳು ಗೇಲಿ ಮಾಡುತ್ತಿದ್ದವು, ಆ ಬೈಗುಳ ದಾಖಲೆಯಾಗಿ ಉಳಿಯುತ್ತಿತ್ತು. ಬಾಂಬ್ ಬಿದ್ದ ಬೀದಿಯಲ್ಲಿ ಇದನ್ನು ಓದಿದವರು 2000ದಲ್ಲೂ ಬದುಕಿರುತ್ತಿದ್ದರು. ಮನೆ ಕಳೆದುಕೊಂಡ ದಿನ ಎದುರಿಗೆ ಇದೇ ಇತ್ತು ಅಂತ ಅವರು ಹೇಳಿದ್ದರೆ ಅದನ್ನು ಮಗ್ ಮೇಲೆ ಹಾಕಲು ಯಾರಿಗೆ ಮನಸ್ಸು ಬರುತ್ತಿತ್ತು? ಬಳಸದೆ ಇಟ್ಟಿದ್ದರಿಂದ ಅದು ಹೊಸದಾಗಿಯೇ ಉಳಿಯಿತು. ಹಳೆಯದಾಗಿ ಕಾಣುತ್ತದೆ, ಆದರೆ ಹಳೆಯ ಗಾಯ ಯಾವುದೂ ಇಲ್ಲ. ಉಡುಗೊರೆ ಅಂಗಡಿಗೆ ಇದಕ್ಕಿಂತ ಒಳ್ಳೆ ಸರಕು ಇನ್ನೇನು ಬೇಕು?

ಜೊತೆಗೆ ಸಿಕ್ಕಿದ ಕಥೆ. ಹಳೇ ಸ್ಟೇಷನ್ನು, ಹರಾಜಿನ ಪೆಟ್ಟಿಗೆ, ಮಡಚಿದ ಕಾಗದ. ಡಿಸೈನ್ ಹಂಚುವವರಿಗೆ ವಸ್ತುವಿನಷ್ಟೇ ಅದು ಸಿಕ್ಕಿದ ಬಗೆಯೂ ಇಷ್ಟ. ನಾನು ಕಂಡುಹಿಡಿದೆ ಅನ್ನುವ ಖುಷಿಯಲ್ಲಿ ಒಂದು ಪಾಲು ಹಂಚಿಕೊಂಡವನಿಗೂ ಸಿಗುತ್ತದೆ, ಅಲ್ವಾ?

ಖಾಲಿ ಜಾಗ ತುಂಬಿದವರು

ಮೊದಲು ಬಂದವರು ಡಿಸೈನರ್‌ಗಳು. ಕಿರೀಟವನ್ನು ತಲೆಕೆಳಗು ಮಾಡಿ, ಈಗ ಗಾಬರಿಯಾಗಿ ಕೂಗಾಡಿ ಅಂತ ಬರೆದದ್ದು ತುಂಬ ಹರಡಿತು. ಮ್ಯಾಟ್ ಜೋನ್ಸ್ ಅನ್ನುವ ಡಿಸೈನರ್ 2009ರಲ್ಲಿ, ಉತ್ಸಾಹದಿಂದ ಏನಾದರೂ ಮಾಡಿ ಅನ್ನುವ ಅರ್ಥದ ಒಂದು ಎದುರುತ್ತರ ಬರೆದರು. ಸುಮ್ಮನೆ ಸಹಿಸಿಕೊಂಡು ಹೋಗಿ ಅನ್ನುವ ಮಾತಿಗೆ ಅದು ತಕ್ಕ ಜವಾಬು. ಈ ಎರಡರಲ್ಲೂ ಯೋಚನೆ ಇತ್ತು. ಮೂಲ ಗೊತ್ತಿದ್ದವರಿಗೆ ಮಾತ್ರ ಪೂರ್ತಿ ನಗು ಬರುವಂಥ ತಮಾಷೆ ಅದು.

ಆಮೇಲೆ ಯೋಚನೆ ಬೇಡದ ಸಾಧನ ಬಂತು. ನಮಗೆ ಬೇಕಾದ ಪದ ತುಂಬಿ, ಕಿರೀಟದ ಜಾಗದಲ್ಲಿ ಬೇಕಾದ ಗುರುತು ಹಾಕಿ, ಬಣ್ಣ ಆರಿಸಿದರೆ ಪೋಸ್ಟರ್ ತಯಾರು ಮಾಡಿಕೊಡುವ ಜಾಲತಾಣಗಳು. ಆ ಅಕ್ಷರವನ್ನೇ ಅನುಸರಿಸಿ ಕಂಪ್ಯೂಟರ್ ಫಾಂಟ್ ಕೂಡ ಬಂತು. ಶತ್ರು ನಕಲು ಮಾಡಲಾಗದಂತೆ ಮಾಡಬೇಕು ಅಂದುಕೊಂಡಿದ್ದ ಅಕ್ಷರವನ್ನು ಈಗ ಶಾಲೆಯ ಹುಡುಗರು ಅರೆ ನಿಮಿಷದಲ್ಲಿ ನಕಲು ಮಾಡುತ್ತಿದ್ದರು.

ಇದು ಅಗ್ಗವಾಗಬಾರದು ಅಂತ ಮೇರಿ ಮ್ಯಾನ್ಲಿಗೆ ಮೊದಲೇ ಅನ್ನಿಸಿತ್ತು. ಈಗ ನಂಬಲಾಗದಷ್ಟು ಅಗ್ಗವಾಗಿದೆ ಅಂತ ಆಮೇಲೆ ಅವರೇ ಹೇಳಿಕೊಂಡರು. ಆ ಮಾತಿನಲ್ಲಿ ನೋವಿದೆ, ಒಂದಿಷ್ಟು ಅನ್ಯಾಯವೂ ಇದೆ ಅನ್ನಿಸುತ್ತದೆ ನನಗೆ. ಪ್ರತಿ ಮಾಡಿ ಮಾರಲು ಶುರು ಮಾಡಿದ ಅಂಗಡಿಗೆ ಎಲ್ಲಿ ನಿಲ್ಲಬೇಕು ಅಂತ ಹೇಳುವ ಅಧಿಕಾರ ಇರಲಿಲ್ಲ. ಯಾರಿಗೂ ಇರಲಿಲ್ಲ.

ಇಲ್ಲ ಅನ್ನುವುದನ್ನು ಒಬ್ಬ ವ್ಯಾಪಾರಿ ಒಪ್ಪಲಿಲ್ಲ. ಆ ಘೋಷಣೆಯದೇ ಹೆಸರಿಟ್ಟುಕೊಂಡ ಕಂಪನಿಯೊಂದು ಅದನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಹೊರಟಿತು. ಬ್ರಿಟನ್‌ನಲ್ಲಿ ಆಗಲಿಲ್ಲ. ಆದರೆ ಯುರೋಪಿಯನ್ ಒಕ್ಕೂಟದ ಮಟ್ಟದಲ್ಲಿ ನೋಂದಣಿ ಸಿಕ್ಕಿತು. 2011ರಲ್ಲಿ ಇದು ಸುದ್ದಿಯಾಯಿತು, ಬೇರೆಯವರ ಸರಕನ್ನು ಮಾರಾಟದಿಂದ ತೆಗೆಸುವ ಪ್ರಯತ್ನವೂ ನಡೆಯಿತು. ಸರ್ಕಾರ ಜನರ ದುಡ್ಡಿನಲ್ಲಿ ಬರೆಸಿದ ಮಾತು, ಹಕ್ಕು ಮುಗಿದ ಮೇಲೆ ಎಲ್ಲರದ್ದೂ ಆದ ಮಾತು. ಅದಕ್ಕೆ ಬೇಲಿ ಹಾಕುವುದು ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಷ್ಟೇ. ಆದರೂ ಇಲ್ಲಿ ಕಲಿಯುವುದಿದೆ. ಕೃತಿಯ ಹಕ್ಕುಸ್ವಾಮ್ಯ ಬೇರೆ, ವ್ಯಾಪಾರದ ಗುರುತಾಗಿ ಪಡೆಯುವ ಟ್ರೇಡ್‌ಮಾರ್ಕ್ ಬೇರೆ. ಹಳೇ ಪೋಸ್ಟರ್ ಒಂದರ ಹಕ್ಕುಸ್ವಾಮ್ಯ ಮುಗಿದಿದೆ ಅಂದ ಮಾತ್ರಕ್ಕೆ ಅದನ್ನು ಟಿ-ಶರ್ಟ್ ಮೇಲೆ ಹಾಕಿ ಮಾರಲು ಎಲ್ಲ ಕಡೆ ಬಾಗಿಲು ತೆರೆದಿದೆ ಅಂತ ಅಲ್ಲ. ಸುಮ್ನೆ ತೋರಿಸಿ ಖುಷಿಪಡುವವರಿಗೆ ಈ ತಲೆನೋವು ಕಡಿಮೆ, ಮಾರುವವರಿಗೆ ಜಾಸ್ತಿ.

ಕೊನೆಗೆ ಬಂದಿದ್ದು ಯಂತ್ರ. 2013ರ ಮಾರ್ಚ್‌ನಲ್ಲಿ ಸಾಲಿಡ್ ಗೋಲ್ಡ್ ಬಾಂಬ್ ಅನ್ನುವ ಟಿ-ಶರ್ಟ್ ಕಂಪನಿಯ ಸರಕುಗಳು ಅಮೆಜಾನ್‌ನಲ್ಲಿ ಜನರ ಕಣ್ಣಿಗೆ ಬಿದ್ದವು. ಕೀಪ್ ಕಾಮ್ ಆ್ಯಂಡ್ ಅಂತ ಶುರುವಾಗಿ, ಮುಂದೆ ಅತ್ಯಾಚಾರ ಮಾಡಿ, ಅವಳಿಗೆ ಹೊಡೆಯಿರಿ ಅನ್ನುವ ಅರ್ಥದ ಸಾಲುಗಳು. ಜನ ಕೆರಳಿದರು. ಕಂಪನಿ ಕ್ಷಮೆ ಕೇಳಿ ಕೊಟ್ಟ ವಿವರಣೆ ನೋಡಿ: ಈ ಸಾಲುಗಳನ್ನು ಯಾವ ಮನುಷ್ಯನೂ ಬರೆದಿರಲಿಲ್ಲ. ಪದಪಟ್ಟಿಯಿಂದ ಕ್ರಿಯಾಪದಗಳನ್ನು ಎತ್ತಿ, ಆ್ಯಂಡ್ ಆದ ಮೇಲಿನ ಜಾಗಕ್ಕೆ ಒಂದೊಂದಾಗಿ ಹಾಕಿ, ಟಿ-ಶರ್ಟಿನ ಚಿತ್ರ ಮಾಡಿ, ಮಾರಾಟದ ಪುಟಕ್ಕೆ ಏರಿಸುವ ಪ್ರೋಗ್ರಾಂ ಬರೆದಿದ್ದರು. ಅಂಗಿ ಅಚ್ಚಾಗುವುದು ಆರ್ಡರ್ ಬಂದ ಮೇಲೆ. ಹಾಗಾಗಿ ಎಷ್ಟು ಸಾಲು ಏರಿಸಿದರೂ ಖರ್ಚಿಲ್ಲ, ಯಾರೂ ಕೂತು ಓದಬೇಕಾಗಿಲ್ಲ. ಪಟ್ಟಿಯಿಂದ ಕೆಲವು ಪದ ಅಳಿಸುವುದು ಬಿಟ್ಟುಹೋಗಿತ್ತು. ಅದೇ ವರ್ಷ ಕಂಪನಿ ಮುಚ್ಚಿತು.

ಇದನ್ನು ಬರೀ ಒಂದು ಕಂಪನಿಯ ಅಚಾತುರ್ಯ ಅಂತ ನಾನು ಓದುವುದಿಲ್ಲ. ಮ್ಯಾಟ್ ಜೋನ್ಸ್‌ನಂಥವರು ಆ ಖಾಲಿ ಜಾಗಕ್ಕೆ ಮಾತು ಯೋಚಿಸಿ ಹಾಕಿದರು. ತಾಣಗಳಲ್ಲಿ ಜನ ತಮ್ಮ ಗೆಳೆಯರ ಹೆಸರು ಹಾಕಿದರು. ಯಂತ್ರ ನಿಘಂಟನ್ನೇ ಸುರಿಯಿತು. ಪ್ರತಿ ಹೆಜ್ಜೆಗೂ ಒಬ್ಬ ಓದುವವನು ಕಡಿಮೆಯಾದ. ನೋಡದೇ ಫಾರ್ವರ್ಡ್ ಮಾಡುವುದು ಅದೇ ದಾರಿಯ ಇನ್ನೊಂದು ಮೆಟ್ಟಿಲು.

ಇಲ್ಲದ ನೆನಪು ಎಲ್ಲಿಂದ ಬಂತು

ಲಂಡನ್ ಗೋಡೆಗಳ ಕಥೆಯನ್ನು ಯಾರೋ ಒಬ್ಬರು ಕೂತು ಕಟ್ಟಿದ್ದಾರೆ ಅಂತ ನನಗನ್ನಿಸುವುದಿಲ್ಲ. ಅದು ತಾನಾಗಿ ಆಗುವ ಕೆಲಸ. ಮೊದಲ ಸಲ ಹಂಚಿದವರು 1939ರ ಯುದ್ಧಕಾಲದ ಪೋಸ್ಟರ್, ಬಳಸಲಿಲ್ಲ, ಪುಸ್ತಕದಂಗಡಿಯಲ್ಲಿ ಸಿಕ್ಕಿತು ಅಂತ ಬರೆದಿರುತ್ತಾರೆ. ಎರಡನೆಯವರು ಅದನ್ನು ಯುದ್ಧಕಾಲದ ಪೋಸ್ಟರ್ ಅಂತ ಇಳಿಸುತ್ತಾರೆ. ಮೂರನೆಯವರಿಗೆ ಪೋಸ್ಟರ್ ಇದ್ದ ಮೇಲೆ ಗೋಡೆ ಇರಲೇಬೇಕು, ಬ್ರಿಟನ್ನಿನ ಯುದ್ಧ ಅಂದ ಮೇಲೆ ಬಾಂಬ್ ದಾಳಿ ಇರಲೇಬೇಕು. ಯಾರೂ ಸುಳ್ಳು ಹೇಳಲಿಲ್ಲ. ಪ್ರತಿಯೊಬ್ಬರೂ ತಮಗೆ ಗೊತ್ತಿದ್ದದ್ದರಿಂದ ಸಂದು ತುಂಬಿದರು, ಅಷ್ಟೇ. ಮೊದಲು ಉದುರಿದ ಪದ ಯಾವುದು ನೋಡಿ: ಬಳಸಲಿಲ್ಲ.

ಅಮೆರಿಕದ ಇನ್ನೊಂದು ಪೋಸ್ಟರಿಗೂ ಹೀಗೇ ಆಯಿತು. ತಲೆಗೆ ಕೆಂಪು ಬಟ್ಟೆ ಕಟ್ಟಿ, ತೋಳು ಮಡಚಿ ಮುಷ್ಟಿ ತೋರಿಸುವ ಹೆಂಗಸು. ನಮ್ಮ ಕೈಲಿ ಆಗುತ್ತದೆ ಅನ್ನುವ ಅರ್ಥದ ಸಾಲು. ಹೆಂಗಸರನ್ನು ಕೆಲಸಕ್ಕೆ ಕರೆಯಲು ಸರ್ಕಾರ ದೇಶದ ತುಂಬ ಹಾಕಿದ್ದ ಪೋಸ್ಟರ್ ಅಂತ ಹಂಚುತ್ತಾರೆ. ಜೆ. ಹೊವರ್ಡ್ ಮಿಲ್ಲರ್ ಅದನ್ನು ಮಾಡಿದ್ದು ವೆಸ್ಟಿಂಗ್‌ಹೌಸ್ ಕಂಪನಿಗಾಗಿ. 1943ರ ಫೆಬ್ರವರಿಯಲ್ಲಿ ಎರಡು ವಾರ ಅದು ಅವರ ಕಾರ್ಖಾನೆಗಳ ಒಳಗೆ ಇತ್ತು, ಅಲ್ಲಿ ಆಗಲೇ ಕೆಲಸ ಮಾಡುತ್ತಿದ್ದವರಿಗಾಗಿ. ಜನಪ್ರಿಯವಾಗಿದ್ದು 1980ರ ದಶಕದಲ್ಲಿ. ಅದು ಕೂಡ ಮೊದಲ ಸುತ್ತಿನಲ್ಲಿ ಹೆಚ್ಚು ಜನ ನೋಡದ ಪೋಸ್ಟರ್ ಅನ್ನುವುದು ಕಾಕತಾಳೀಯ ಅಲ್ಲ ಅಂತ ನನ್ನ ಅನುಮಾನ.

ಅಪರೂಪ ಅನ್ನುವ ಮಾತೂ ಹೀಗೇ ಬೆಳೆಯುತ್ತದೆ. ಕೀಪ್ ಕಾಮ್ ಮೂಲ ಪ್ರತಿ ಉಳಿದಿರುವುದು ಬೆರಳೆಣಿಕೆಯಷ್ಟು ಅಂತ ಎಲ್ಲರೂ ಬರೆಯುತ್ತಿದ್ದರು. 2012ರಲ್ಲಿ ಬಿಬಿಸಿಯ ಹಳೇ ವಸ್ತುಗಳ ಕಾರ್ಯಕ್ರಮಕ್ಕೆ ಒಬ್ಬರು ಸುಮಾರು 15 ಮೂಲ ಪ್ರತಿಗಳ ಸುರುಳಿಯನ್ನೇ ತಂದರು. ಅಪ್ಪ ಯುದ್ಧಕಾಲದಲ್ಲಿ ಶತ್ರು ವಿಮಾನಗಳ ಮೇಲೆ ಕಣ್ಣಿಡುವ ವೀಕ್ಷಕ ದಳದಲ್ಲಿದ್ದರು, ಅವರ ಬಳಿ ಇದ್ದದ್ದು ಅಂದರು. ಆ ಹೊತ್ತಿಗೆ ಆಗಲೇ ಹಂಚಿಹೋಗಿದ್ದ ಬೆರಳೆಣಿಕೆಯ ಕಥೆಯನ್ನು ತಿದ್ದಲು ಯಾರು ಹೋಗುತ್ತಾರೆ?

ಹಾಗಾದರೆ ಹಂಚುವ ಮುಂಚೆ ನೋಡುವುದು ಹೇಗೆ? ಮಾಮೂಲಿ ಸಲಹೆ, ಚಿತ್ರ ಹಾಕಿ ಹುಡುಕಿ ಅನ್ನುವುದು. ಇದಕ್ಕೆ 2008ರಿಂದ ಟಿನ್‌ಐ ಅನ್ನುವ ಜಾಲತಾಣ ಇದೆ, 2011ರಿಂದ ಗೂಗಲ್‌ನಲ್ಲೂ ಆ ಸೌಲಭ್ಯ ಬಂತು. ಟಿನ್‌ಐನಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಿಕೊಳ್ಳಬಹುದು. ಹೊಸ ಜಾಹೀರಾತು ಯಾರು ಮಾಡಿದ್ದು ಅಂತ ಹಿಡಿಯಲು ಇದು ಒಳ್ಳೆ ದಾರಿ. ಆದರೆ ಇಂಥ ಪೋಸ್ಟರಿಗೆ ಅಷ್ಟು ಉಪಯೋಗ ಇಲ್ಲ. ಲೆಕ್ಕವಿಲ್ಲದಷ್ಟು ಮಗ್‌ಗಳ ಚಿತ್ರ ಬಂದು ಬೀಳುತ್ತದೆ. ಇಂಟರ್‌ನೆಟ್‌ಗೆ ಮುಂಚಿನ ವಸ್ತುವಿಗೆ ಅದನ್ನು ಇಟ್ಟುಕೊಂಡಿರುವ ಸಂಸ್ಥೆಯ ಪಟ್ಟಿಯನ್ನೇ ನೋಡಬೇಕು. ಇಲ್ಲಿ ಇಂಪೀರಿಯಲ್ ವಾರ್ ಮ್ಯೂಸಿಯಂ, ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹ. ಅಷ್ಟಕ್ಕೂ ಸಮಯ ಇಲ್ಲದವರು ಎರಡು ತಾರೀಖನ್ನು ಪಕ್ಕಪಕ್ಕ ಇಟ್ಟರೆ ಸಾಕು. ದಾಸ್ತಾನು ರದ್ದಿಗೆ ಹೋದದ್ದು ಏಪ್ರಿಲ್, ಬಾಂಬ್ ಬಿದ್ದದ್ದು ಸೆಪ್ಟೆಂಬರ್. ಕಥೆ ಅಲ್ಲೇ ಮುರಿದು ಬೀಳುತ್ತದೆ.

ಇಷ್ಟೆಲ್ಲ ಹೇಳಿದರೆ ಯಾರು ಓದುತ್ತಾರೆ, ಚಿತ್ರ ನೋಡಿ ಲೈಕ್ ಒತ್ತಿ ಹೋಗುತ್ತಾರೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಜವಾದ ಕಥೆಯಲ್ಲೇ ಮಸಾಲೆ ಜಾಸ್ತಿ ಇದೆ. ಜನ ಪೋಸ್ಟರ್ ನೋಡಿ ಧೈರ್ಯ ತಂದುಕೊಂಡರು ಅನ್ನುವುದು ಯಾವ ಪೋಸ್ಟರಿಗಾದರೂ ಹೇಳಬಹುದಾದ ಮಾತು. ಜನ ದಿಕ್ಕೆಡುತ್ತಾರೆ ಅಂತ ಸರ್ಕಾರವೇ ಗಾಬರಿಬಿದ್ದು, ಗಾಬರಿಬೀಳಬೇಡಿ ಅಂತ 24.5 ಲಕ್ಷ ಸಲ ಅಚ್ಚು ಹಾಕಿಸಿ, ಗೋಡೆಗೆ ಹಾಕದೆಯೇ ಅರೆದುಹಾಕಿತು ಅನ್ನುವುದು ಇದಕ್ಕೆ ಮಾತ್ರ ಹೊಂದುವ ಮಾತು.

ಇದನ್ನೇ ಇವತ್ತು ಹಂಚುವುದಾದರೆ ಚಿತ್ರದ ಕೆಳಗೆ ನಾನು ಬರೆಯುವುದು ಇಷ್ಟು: "ಬ್ರಿಟಿಷ್ ಮಾಹಿತಿ ಸಚಿವಾಲಯ, 1939. ಬಾಂಬ್ ದಾಳಿಯ ನಂತರ ಹಾಕಲು ಅಚ್ಚಾಗಿ, ಗೋಡೆಗೆ ಹತ್ತದೆ 1940ರಲ್ಲಿ ರದ್ದಿಗೆ ಹೋಯಿತು. 2000ರಲ್ಲಿ ಬಾರ್ಟರ್ ಬುಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ಸಿಕ್ಕಿತು." ಇದರಲ್ಲೂ ಯಾರಾದರೂ ಏನನ್ನಾದರೂ ಕತ್ತರಿಸುತ್ತಾರೆ, ಗೊತ್ತು. ಕ್ಯಾಪ್ಷನ್ ಕಾಪಿ ಮಾಡುವವರು ಕಡಿಮೆ, ಚಿತ್ರದ ಸ್ಕ್ರೀನ್‌ಶಾಟ್ ತೆಗೆಯುವವರೇ ಜಾಸ್ತಿ. ಅದಕ್ಕೇ ಇಸವಿ ಮತ್ತು 'ಬಳಸಲಿಲ್ಲ' ಅನ್ನುವ ಮಾತು, ಇವೆರಡನ್ನು ಮಾತ್ರ ಚಿತ್ರದ ಅಂಚಿನಲ್ಲೇ ಚಿಕ್ಕದಾಗಿ ಬರೆದುಬಿಡುತ್ತೇನೆ. ನೋಟ ಸ್ವಲ್ಪ ಕೆಡುತ್ತದೆ. ಡಿಸೈನರ್ ಗೆಳೆಯರು ಬೈಯುತ್ತಾರೆ. ಬೈಯಲಿ.